ಹದಿನೆಂಟನೆಯ ಪೆಟ್ಟಿಗೆ

ಮೊನ್ನೆ ಮಗಳ ಮನೆಯ ಗೇಟಿಗೆ ಬಣ್ಣ ಬಳಿಯಲು ಒಬ್ಬ ಬಂದಿದ್ದ. ತ್ರಿಪ್ಪುಣಿತ್ತುರದ ಈ ಓಣಿಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಯಾರ ಮನೆಯ ಗೇಟಿಗೂ ತುಕ್ಕು ತಪ್ಪಿದ್ದಲ್ಲ. ಅವನು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಬಿಳಿ ಎನಾಮಲ್ ಪೇಂಟಿನ ವಾಸನೆ ನಾನು ಕುಳಿತಿದ್ದ ಕುರ್ಚಿಯವರೆಗೂ ಬಂತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅದನ್ನು ನೋಡಿದ ಮೊಮ್ಮಗ, "ಎಂತಾ ಅಜ್ಜೀ, ತಲವೇದನಯಾಣೋ?" ಎಂದು ಕೇಳಿದ. ಕನ್ನಡ ಎಲ್ಲ ಅರ್ಥವಾಗುತ್ತದೆ ಅವನಿಗೆ, ಬಾಯಿಗೆ ಮಾತ್ರ ಮಲಯಾಳವೇ ಬರುವುದು.

"ತಲೆನೋವಲ್ಲ ಮಾರಾಯ, ವಾಸನೆ" ಎಂದೆ. ಅದು ಐವತ್ತು ವರ್ಷಕ್ಕಿಂತಲೂ ಹಿಂದಿನ ವಾಸನೆ ಎಂದು ಅವನಿಗೆ ಹೇಗೆ ಹೇಳುವುದು...

ನನ್ನ ಮದುವೆಯಾದ ವರ್ಷವೇ ಯಜಮಾನರಿಗೆ ಎರ್ನಾಕುಳಕ್ಕೆ ವರ್ಗವಾಯಿತು. ಅರವತ್ತರ ದಶಕದ ನಡುಗಾಲದ ಮಾತು. ಅವರು ಕೇಂದ್ರ ಸರಕಾರದ ಕಚೇರಿಯೊಂದರ ಸ್ಟೋರ್ಸ್ ವಿಭಾಗದಲ್ಲಿದ್ದರು. ದಿನವಿಡೀ ಸಾಮಾನು ಎಣಿಸುವ ಕೆಲಸ. ಮನೆಗೆ ಬಂದ ಮೇಲೂ ಆ ಚಾಳಿ ಬಿಡುತ್ತಿರಲಿಲ್ಲ, ನಾನು ತೊಳೆದು ಬೋರಲು ಹಾಕಿದ ಲೋಟಗಳನ್ನೂ ಒಮ್ಮೆ ಕಣ್ಣಲ್ಲೇ ಎಣಿಸಿ ಒಳಗೆ ಹೋಗುತ್ತಿದ್ದರು. ವರ್ಗದ ನೌಕರಿಯವರಿಗೆ ಒಂದು ಪದ್ಧತಿ ಇರುತ್ತದೆ. ಪ್ರತಿಯೊಂದು ಪೆಟ್ಟಿಗೆಗೂ ಬಿಳಿ ಪೇಂಟಿನಲ್ಲಿ ನಂಬರು ಬರೆಯುವುದು, ಲಾರಿಗೆ ಹತ್ತಿಸುವಾಗ ಎಣಿಸುವುದು, ಇಳಿಸುವಾಗ ಮತ್ತೆ ಎಣಿಸುವುದು. ನಮ್ಮ ಸಂಸಾರ ಉಡುಪಿಯಿಂದ ಹೊರಟಾಗ ಏಳು ಪೆಟ್ಟಿಗೆ ಇತ್ತು. ಎರ್ನಾಕುಳ ಬಿಡುವ ಹೊತ್ತಿಗೆ ಹದಿನೇಳಾಗಿತ್ತು.

ಬೋಟ್ ಜೆಟ್ಟಿಯಿಂದ ಸ್ವಲ್ಪವೇ ದೂರದ ಒಂದು ಹಳೆಯ ಮನೆಯ ಮಹಡಿಯಲ್ಲಿ ನಾವಿದ್ದೆವು. ಕೆಳಗಿನ ಮನೆಯಲ್ಲಿ ಅವರಿದ್ದರು. ಹೆಸರು ಗೊತ್ತಿಲ್ಲವೆಂದಲ್ಲ, ಬಾಯಿಗೆ ಬರುವುದಿಲ್ಲ. ಓಣಿಯವರೆಲ್ಲ ಟೀಚರ್ ಎನ್ನುತ್ತಿದ್ದರು, ನಾನೂ ಟೀಚರ್ ಎಂದೇ ಕರೆದೆ. ಅರವತ್ತರ ಹತ್ತಿರದ ಹೆಂಗಸು. ಹೂವಿನ ಗೌನು, ಕಿವಿಯವರೆಗೆ ಕತ್ತರಿಸಿದ ನರೆಗೂದಲು, ಕತ್ತಿನಲ್ಲಿ ಶಿಲುಬೆಯ ಸರ, ಆ ಸರದಲ್ಲೇ ಒಂದು ಸಣ್ಣ ಬೀಗದ ಕೈ. ಅವರ ತಾಯಿಯ ತಂದೆ ಹಡಗಿನಲ್ಲಿ ಬಂದ ಪರದೇಶದವರಂತೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದ ಒಬ್ಬಳೇ ಮಗಳು ಗಂಡನ ಜೊತೆ ಆಸ್ಟ್ರೇಲಿಯಕ್ಕೆ ಹೋಗಿದ್ದಳು. ಇವರು ಶಾಲೆಯಿಂದ ನಿವೃತ್ತರಾಗಿ, ಸಂಜೆ ಹೊತ್ತು ಕೆಳಗಿನ ವರಾಂಡದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು.

ನಾನು ಕನ್ನಡ ಶಾಲೆಯಲ್ಲಿ ಕಲಿತವಳು. ಇಂಗ್ಲಿಷಿನಲ್ಲಿ ಯಾರಾದರೂ ಮಾತಾಡಿಸಿದರೆ ನಗುವುದೊಂದೇ ಗೊತ್ತಿತ್ತು. ಯಜಮಾನರ ಕಚೇರಿಯ ಒಂದು ಟೀ ಪಾರ್ಟಿಯಲ್ಲಿ ಹಾಗೆ ನಕ್ಕು ನಕ್ಕು ದವಡೆ ನೋಯಿಸಿಕೊಂಡು ಬಂದೆ. ಮರುದಿನ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಾಗ ಟೀಚರ್ ನೋಡಿದರು. "ನಾಳೆ ನಾಲ್ಕು ಗಂಟೆಗೆ ಬಾ ಮೋಳೇ. ಫೀಸು ಬೇಡ, ನಿನ್ನ ನೀರುದೋಸೆ ಸಾಕು" ಎಂದರು. ಮೋಳೇ ಎಂದರೆ ಮಗಳೇ. ಅವರು ಮಾತಾಡುತ್ತಿದ್ದುದು ನಿಧಾನದ ಇಂಗ್ಲಿಷ್, ನಡುನಡುವೆ ಮಲಯಾಳ. ನನ್ನ ನೆನಪಿನಲ್ಲಿ ಮಾತ್ರ ಅವೆಲ್ಲ ಯಾವಾಗಲೋ ಕನ್ನಡವಾಗಿ ಕುಳಿತುಬಿಟ್ಟಿವೆ.

ಇಂಗ್ಲಿಷಿನಲ್ಲಿ ಬಾಲ ಇರುವ ಕ್ರಿಯಾಪದಗಳಿವೆಯಲ್ಲ, ಆನ್, ಆಫ್, ಅಪ್, ಡೌನ್ ಎಂದು ಹಿಂದೆ ಅಂಟಿಸಿಕೊಂಡವು, ಅವುಗಳನ್ನು ಬಾಯಿಪಾಠ ಮಾಡಿಸಿದರೆ ಯಾರಿಗೂ ಬರುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಕೈಯಿಂದ ಮಾಡಿ ಕಲಿಯಬೇಕು. ಪುಟ್ ಆನ್ ಎಂದಾಗ ನಾನು ಅವರ ಉಲ್ಲನ್ ಕೋಟು ಹಾಕಿಕೊಂಡು ಸೆಕೆಯಲ್ಲಿ ಬೆವರಬೇಕು. ಸ್ವೀಪ್ ಅಪ್ ಎಂದಾಗ ಗುಡಿಸಿ ಕಸ ಮೊರಕ್ಕೆ ತುಂಬಬೇಕು. ಹಾಗೆ ಪಾಠದ ನೆಪದಲ್ಲಿ ಅವರ ಮನೆಗೆಲಸ ಅರ್ಧ ಮುಗಿಯುತ್ತಿತ್ತು ಎಂದು ಯಜಮಾನರು ತಮಾಷೆ ಮಾಡುತ್ತಿದ್ದರು. ಲೋಡ್ ಅಪ್ ಎಂಬ ಪಾಠ ಬಂದಾಗ ಅವರು ಮಲಗುವ ಕೋಣೆಯಿಂದ ಕಪ್ಪು ತಗಡಿನ ಪೆಟ್ಟಿಗೆಯೊಂದನ್ನು ನನ್ನಿಂದಲೇ ಎಳೆಸಿ ವರಾಂಡಕ್ಕೆ ತರಿಸಿದರು. ಕತ್ತಿನ ಸರ ತೆಗೆದು ಬೀಗ ಬಿಚ್ಚಿದರು.

ಅದು ಹೊರಡುವ ಪೆಟ್ಟಿಗೆ. ಮಗಳ ಹತ್ತಿರ ಹೋಗಲು ಅವರು ಮೂರು ವರ್ಷಗಳಿಂದ ಕಟ್ಟಿ ಇಟ್ಟುಕೊಂಡದ್ದು. ಎಲ್ಲವನ್ನೂ ಹೊರಗೆ ತೆಗೆದು, ಮತ್ತೆ ಒಂದೊಂದಾಗಿ ನನ್ನಿಂದ ತುಂಬಿಸಿದರು. ಮೊದಲು, ತಳದಲ್ಲಿ, ಒಂದು ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಕಾಗದಗಳು. ಅವರ ಅಜ್ಜನಿಗೆ ಇಲ್ಲಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮದುವೆಯಾದಾಗ ಅವರ ದೇಶದ ಹೆಸರು ಬರೆದುಕೊಟ್ಟ ಹಳೆಯ ಚೀಟಿ ಅದರಲ್ಲಿತ್ತು. ಅಜ್ಜ ಪರದೇಶದವರೆಂದು ತೋರಿಸಿದರೆ ಮಾತ್ರ ಆಸ್ಟ್ರೇಲಿಯದವರು ಇವರನ್ನು ಒಳಗೆ ಬಿಡುವುದಂತೆ. ಆ ಇಗರ್ಜಿಯ ಪುಸ್ತಕ ಗೆದ್ದಲು ಹಿಡಿದು ಹೋಗಿದ್ದರಿಂದ ಅದರ ಇನ್ನೊಂದು ಪ್ರತಿ ಲೋಕದಲ್ಲಿಲ್ಲ. ಡಬ್ಬಿಯ ಮೇಲೆ ಎರಡು ಹಾಸುಬಟ್ಟೆ, ಅದರ ನಡುವೆ ನಾಲ್ಕು ಪಿಂಗಾಣಿ ಕಪ್ಪು, ಗಂಡನ ಫೋಟೊ, ಮಗಳಿಗೆ ಮುಂದೆ ಹುಟ್ಟುವ ಕೂಸಿಗೆಂದು ಹೆಣೆದ ಉಲ್ಲನ್ ಟೊಪ್ಪಿ, ಕೊನೆಗೆ ಅದೇ ಕೋಟು.

"ಲೋಡ್ ಎಂದರೆ ಹೇರುವುದು. ಲೋಡ್ ಅಪ್ ಎಂದರೆ ಹೊರಗೆ ಏನೂ ಉಳಿಯದ ಹಾಗೆ ಹೇರುವುದು. ಇನ್ನು ಹೊರಡಬಹುದು ಎನ್ನುವ ಹಾಗೆ." ಹೀಗೆ ಹೇಳಿ ಟೀಚರ್ ಮುಚ್ಚಳ ಹಾಕಿ ಅದರ ಮೇಲೆ ಕುಳಿತುಬಿಡುತ್ತಿದ್ದರು. ಇನ್ನೊಂದು ಬಳಕೆಯೂ ಇತ್ತು. ಹಡಗು ಹೊರಡುವ ಮೊದಲು ಕುಡಿಯುವ ನೀರು ತುಂಬಿಕೊಳ್ಳುವುದಕ್ಕೆ, ಮಳೆಗಾಲದ ಮೊದಲು ಜನ ಅಕ್ಕಿ, ಒಣಮೀನು ತುಂಬಿಕೊಳ್ಳುವುದಕ್ಕೆ ಲೋಡ್ ಅಪ್ ಆನ್ ಎನ್ನಬೇಕು. ಹತ್ತು ವಾಕ್ಯ ಬರೆದು ತಾ ಎಂದರು. ನಾನು ಬರೆದ ಮೊದಲ ವಾಕ್ಯ, ನನ್ನ ಗಂಡ ಊರಿಗೆ ಹೋದರೆ ಗೋಳಿಬಜೆ ಲೋಡ್ ಅಪ್ ಮಾಡುತ್ತಾರೆ ಎಂದು. ಟೀಚರ್ ಹಸಿರು ಶಾಯಿಯಲ್ಲಿ ಒಂದು ಆನ್ ಸೇರಿಸಿ, ಪಕ್ಕದಲ್ಲಿ ವೆರಿ ಗುಡ್ ಎಂದು ಬರೆದರು. ಅವರು ಎಂದೂ ಕೆಂಪು ಶಾಯಿ ಮುಟ್ಟಿದವರಲ್ಲ.

ಆ ಪಾಠ ನಮಗೆ ಎಷ್ಟು ಹಿಡಿಸಿತೆಂದರೆ ಆಮೇಲೆ ತಿಂಗಳಿಗೊಮ್ಮೆ ಪೆಟ್ಟಿಗೆ ಹೊರಗೆ ಬರುತ್ತಿತ್ತು. ನಾನು ಇಳಿಸುವುದು, ಮತ್ತೆ ತುಂಬುವುದು, ಒಂದೊಂದರ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳುವುದು. ಈಗ ಯೋಚಿಸಿದರೆ ಅದು ನನಗಿಂತ ಅವರಿಗೇ ಬೇಕಾಗಿದ್ದ ಪಾಠ. ಅವರು ಹೊರಟೇ ಬಿಟ್ಟಂತೆ ಒಂದು ಗಳಿಗೆ ಅನಿಸುತ್ತಿತ್ತೋ ಏನೋ...

ಮೂರನೆಯ ವರ್ಷ ಎರಡು ಸುದ್ದಿ ಒಟ್ಟಿಗೇ ಬಂದವು. ಯಜಮಾನರಿಗೆ ತಿರುವನಂತಪುರಕ್ಕೆ ವರ್ಗ. ಟೀಚರಿಗೆ ಮದರಾಸಿನಿಂದ ಆಸ್ಟ್ರೇಲಿಯದವರ ಕರೆ, ಜೂನ್ ತಿಂಗಳಲ್ಲಿ ಮೂಲ ಕಾಗದಗಳನ್ನು ತಂದು ತೋರಿಸಿ, ಸರಿಯಿದ್ದರೆ ಆಗಸ್ಟಿನ ಹಡಗಿಗೆ ಹೊರಡಬಹುದು ಎಂದು. ಆಗ ನನಗೆ ನಾಲ್ಕು ತಿಂಗಳು. ಅವರ ಮಗಳಿಗೂ ಅಷ್ಟೇ. "ನಿನಗೂ ಅವಳಿಗೂ ಒಂದೇ ತಿಂಗಳು ಮೋಳೇ. ಅವಳ ಹತ್ತಿರ ನಾನಿರುತ್ತೇನೆ" ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದರು. ಆ ಕೈಗಳ ಬಿಸಿ ನನಗೆ ಈಗಲೂ ನೆನಪಿದೆ.

ಹೊರಡುವ ಹಿಂದಿನ ವಾರ ನಾನು ಕೆಳಗಿನ ಅಂಗಳದಲ್ಲಿ ಪೆಟ್ಟಿಗೆಗಳಿಗೆ ನಂಬರು ಬರೆಯುತ್ತಿದ್ದೆ. ಯಜಮಾನರ ಅಕ್ಷರ ಕೋಳಿ ಕೆದಕಿದಂತೆ, ಹಾಗಾಗಿ ಆ ಕೆಲಸ ನನ್ನದು. ಟೀಚರ್ ಬಂದು ನೋಡಿದರು. ಇದೇನು ಎಂದು ಕೇಳಿದರು, ನಾನು ಪದ್ಧತಿ ವಿವರಿಸಿದೆ. ಅವರಿಗೆ ಬಹಳ ಖುಷಿಯಾಯಿತು. "ನಿನ್ನದು ಎಷ್ಟರವರೆಗೆ? ಹದಿನೇಳಾ? ಹಾಗಾದರೆ ನನ್ನದು ಹದಿನೆಂಟು. ನನಗೂ ವರ್ಗ ಆಗಿದೆ, ಅಲ್ಲವಾ!" ಎಂದರು. ಇಬ್ಬರೂ ಸೇರಿ ಕಪ್ಪು ಪೆಟ್ಟಿಗೆ ಹೊರಗೆ ತಂದೆವು. ನಾನು ದಪ್ಪಗೆ 18 ಎಂದು ಬರೆದೆ. ಕುಂಚಕ್ಕೆ ಬಣ್ಣ ಹೆಚ್ಚಾಗಿ ಎಂಟರ ಹೊಟ್ಟೆಯಿಂದ ಒಂದು ಹನಿ ಕೆಳಗಿಳಿಯಿತು. ಅದನ್ನು ಒರೆಸಲು ಹೋದರೆ ಟೀಚರ್ ಬಿಡಲಿಲ್ಲ, ಇರಲಿ ಇರಲಿ ಎಂದರು.

ಇನ್ನು ನನ್ನ ಕಳ್ಳತನ ಹೇಳಬೇಕು. ನಮ್ಮ ಹನ್ನೊಂದನೆಯ ನಂಬರು ಅತ್ತೆ ಕೊಟ್ಟ ಕಡೆಯುವ ಕಲ್ಲು, ಅದೇ ರುಬ್ಬುಗಲ್ಲು. ಗೋಣಿ ಸುತ್ತಿ, ಮರದ ಪಟ್ಟಿ ಹೊಡೆದು, ಮೆಟ್ಟಿಲ ಕೆಳಗೆ ಇಟ್ಟಿದ್ದೆವು. ಉಡುಪಿಯಿಂದ ಅದನ್ನು ಹೊತ್ತು ತಂದದ್ದೇ ಸಾಕಾಗಿತ್ತು. ಬಸುರಿ ಬೇರೆ, ಹೊಸ ಊರಲ್ಲಿ ಅದರ ಮುಂದೆ ಕೂರುವ ಉಮೇದು ನನಗಿರಲಿಲ್ಲ. ಹೊರಡುವ ಹಿಂದಿನ ದಿನ ಯಜಮಾನರು ಕಚೇರಿಗೆ ಹೋದ ಮೇಲೆ, ನೀರು ತರುವ ಹೆಂಗಸನ್ನು ಕರೆದು ಕಲ್ಲನ್ನು ಉರುಳಿಸಿ ಟೀಚರ ಅಡಿಗೆಮನೆಗೆ ಸೇರಿಸಿದೆ. "ನಿನ್ನ ಗಂಡ ಎಣಿಸುತ್ತಾನೆ, ನೋಡು" ಎಂದು ಟೀಚರ್ ಹೆದರಿಸಿದರು. "ಎಣಿಸಲಿ, ತಿರುವನಂತಪುರ ಮುಟ್ಟಿದ ಮೇಲೆ ಹೇಳುತ್ತೇನೆ" ಎಂದೆ. ಮೂವರೂ ಬಾಯಿಗೆ ಸೆರಗು, ಕರ್ಚೀಫು ಒತ್ತಿಕೊಂಡು ನಕ್ಕೆವು. ಅಂದು ಸಂಜೆ ಕೊನೆಯ ಪಾಠ. ಪೆಟ್ಟಿಗೆ ಮತ್ತೆ ವರಾಂಡಕ್ಕೆ ಬಂತು. ತುಂಬಿ, ಬೀಗ ಹಾಕಿದ ಮೇಲೆ ಒಳಗೆ ಒಯ್ಯಲು ಹೋದೆ. ಟೀಚರ್ ಬೇಡವೆಂದರು. ನಾಳೆ ವಲ್ಲಾರ್ಪಾಡಂ ದ್ವೀಪದ ಇಗರ್ಜಿಗೆ ಹರಕೆ ತೀರಿಸಲು ಹೋಗುತ್ತೇನೆ, ಅಲ್ಲಿಂದ ತಂದ ಮೇಣದಬತ್ತಿ ಇದರಲ್ಲಿಟ್ಟು ಆಮೇಲೆ ಒಳಗೆ ಇಟ್ಟುಕೊಳ್ಳುತ್ತೇನೆ, ಈ ಭಾರ ನೀನು ಎತ್ತಬೇಡ ಎಂದರು.

ಮರುದಿನ ಬೆಳಗ್ಗೆ ಅವರು ಬೋಟಿಗೆ ಹೋದರು. ಅಲ್ಲಿನ ಹರಕೆಯೆಂದರೆ ಇಗರ್ಜಿಯ ಅಂಗಳ ಗುಡಿಸುವುದು. ತಮ್ಮದೇ ಹಿಡಿಸೂಡಿಯನ್ನು ಕಾಗದದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಹತ್ತು ಗಂಟೆಗೆ ಬಂದುಬಿಡುತ್ತೇನೆ, ನಿನ್ನನ್ನು ಬೀಳ್ಕೊಡದೆ ಬಿಡುತ್ತೇನಾ ಎಂದರು.

ಹೊರೆಯಾಳುಗಳು ಒಂಬತ್ತಕ್ಕೇ ಬಂದರು. ಅವರ ಮೂಪನ್, ಅಂದರೆ ಮೇಸ್ತ್ರಿ, ತಲೆಗೆ ಕೆಂಪು ತೋರ್ತು ಸುತ್ತಿದವನು, ಯಾವುದೆಲ್ಲ ಎಂದು ಕೇಳಿದ. ಯಜಮಾನರು ಬಾಗಿಲಲ್ಲಿ ಪೆನ್ಸಿಲು ಹಿಡಿದು ನಿಂತು, "ಬಿಳಿ ನಂಬರು ಇರುವುದೆಲ್ಲ" ಎಂದರು. ನನ್ನ ಪಾಠದಿಂದ ಕಲಿತ ಮಾತನ್ನು ಆ ಮೂಪನ ಮುಂದೆ ತೋರಿಸುವ ಆಸೆ ಬೇರೆ. "ಲೋಡ್ ಅಪ್! ಎಲ್ಲ ಲೋಡ್ ಅಪ್!" ಎಂದು ಕೂಗುತ್ತಿದ್ದರು. ಅವರಿಗೆ ನಂಬರು ನೋಡುವ ಪುರುಸೊತ್ತು ಇರಲಿಲ್ಲ, ಆಳುಗಳ ತಲೆಯ ಮೇಲೆ ಹೋದದ್ದಕ್ಕೆಲ್ಲ ಗೀಟು ಹಾಕುತ್ತಿದ್ದರು. ನಾನು ಮಹಡಿಯಲ್ಲಿ ಬರಿದಾದ ಕೋಣೆಗಳನ್ನು ಗುಡಿಸುತ್ತಿದ್ದೆ. ಕೆಳಗಿನಿಂದ ಯಾರೋ "ಇದುಂ?" ಎಂದದ್ದು, ಮೂಪನ್ "ನಂಬರುಂಡಲ್ಲೋ, ಕಯಟ್ಟಿಕ್ಕೋ" ಎಂದದ್ದು ಕೇಳಿಸಿತು. ಇದೂ ಹೋಗಬೇಕಾ ಎಂದು ಇವನು, ನಂಬರು ಇದೆಯಲ್ಲ ಹತ್ತಿಸು ಎಂದು ಅವನು. ಕೇಳಿಸಿದರೂ ಮನಸ್ಸಿಗೆ ತಾಗಲಿಲ್ಲ.

ಹಗ್ಗ ಬಿಗಿದು ಮುಗಿದಾಗ ಯಜಮಾನರು ಗೀಟುಗಳನ್ನು ಕೂಡಿಸಿ, "ಹದಿನೇಳು. ಕರೆಕ್ಟ್!" ಎಂದರು.

ನನಗೆ ನಗು ಬಂತು. ಹದಿನಾರೇ ಇರಬೇಕಿತ್ತು. ಹನ್ನೊಂದನೆಯದು ಟೀಚರ ಅಡಿಗೆಮನೆಯಲ್ಲಿ ಕುಳಿತಿತ್ತು. ಸ್ಟೋರ್ಸಿನ ಮಹಾಪುರುಷರೂ ಎಣಿಕೆ ತಪ್ಪುತ್ತಾರಲ್ಲ, ನನ್ನ ಗುಟ್ಟು ಉಳಿಯಿತಲ್ಲ ಎಂದು ಮನಸ್ಸಿನಲ್ಲೇ ಕುಣಿದೆ. ಅಂದು ಆ ಲಾರಿಯ ಎಣಿಕೆ ಸರಿಯಿಲ್ಲವೆಂದು ಗೊತ್ತಿದ್ದವಳು ಲೋಕದಲ್ಲಿ ನಾನೊಬ್ಬಳೇ. ಬಾಯಿ ಬಿಡಲಿಲ್ಲ.

ಹತ್ತು ಗಂಟೆಯಾದರೂ ಟೀಚರ್ ಬರಲಿಲ್ಲ. ಲಾರಿಯವನು ಅವಸರ ಮಾಡಿದ. ಮುಂದಿನ ಸೀಟಿನಲ್ಲಿ ನಾವಿಬ್ಬರೂ ಹತ್ತಿ ಕುಳಿತೆವು. ಲಾರಿ ಹೊರಟು ಓಣಿಯ ನಡುವಿಗೆ ಬಂದಾಗ ಪಕ್ಕದ ಕನ್ನಡಿಯಲ್ಲಿ ಟೀಚರ್ ಕಂಡರು. ಜೆಟ್ಟಿಯ ಕಡೆಯಿಂದ ಓಡಿ ಬರುತ್ತಿದ್ದರು. ಅರವತ್ತರ ಹೆಂಗಸು, ಗೌನಿನಲ್ಲಿ, ಚಪ್ಪಲಿ ಕಳಚಿ ಹೋದರೂ ನಿಲ್ಲದೆ, ಹಿಡಿಸೂಡಿಯನ್ನು ಮೇಲೆತ್ತಿ ಬೀಸುತ್ತ, ಏನೋ ಕೂಗುತ್ತ... ಲಾರಿಯ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಎಂತ ಮಾರಾಯ್ತಿ, ನಿನ್ನ ಟೀಚರು ಹೊರಡುವಾಗಲೇ ಹಿಡಿಸೂಡಿ ತೋರಿಸುದು! ಅಪಶಕುನ ಅಲ್ವಾ ಅದು?" ಎಂದರು ಯಜಮಾನರು.

"ಅಪಶಕುನ ಎಂತದ್ದೂ ಇಲ್ಲ. ಅದು ಪ್ರೀತಿ. ನಿಮಗೆ ಗೊತ್ತಾಗ್ಲಿಕ್ಕಿಲ್ಲ" ಎಂದೆ.

ಲಾರಿ ತಿರುವಿನಲ್ಲಿ ನಿಧಾನವಾಗುವಷ್ಟರಲ್ಲಿ ಅವರು ನಿಂತುಬಿಟ್ಟಿದ್ದರು. ಹಿಡಿಸೂಡಿ ಕೆಳಗಿಳಿಯಿತು. ಸ್ವಲ್ಪ ಹೊತ್ತು ಹಾಗೇ ನಿಂತು, ಇನ್ನೊಂದು ಕೈಯನ್ನು ಮೆಲ್ಲಗೆ ಎತ್ತಿ ಬೀಸಿದರು. ನಾನು ಕಾಣುವವರೆಗೂ ಬೀಸುತ್ತಲೇ ಇದ್ದೆ.

ತಿರುವನಂತಪುರದಲ್ಲಿ ಸಿಕ್ಕಿದ್ದು ಎರಡೇ ಕೋಣೆಯ ಕ್ವಾರ್ಟರ್ಸು. ವರ್ಗದವರ ಮನೆಗಳಲ್ಲಿ ಅರ್ಧ ಪೆಟ್ಟಿಗೆ ಬಿಚ್ಚುವುದೇ ಇಲ್ಲ, ಹೇಗೂ ಮತ್ತೆ ಕಟ್ಟಬೇಕಲ್ಲ ಎಂದು. ಹಿಂದಿನ ಕೋಣೆಯಲ್ಲಿ ಗೋಡೆಗೆ ಒತ್ತಿ ಹತ್ತು ಪೆಟ್ಟಿಗೆಯನ್ನು ಆಳುಗಳೇ ಪೇರಿಸಿ ಹೋದರು, ನಾವು ಮೇಲೊಂದು ಹಳೆಯ ಸೀರೆ ಹೊದಿಸಿದೆವು. ಕಲ್ಲೂ ಅದರಡಿಯಲ್ಲೇ ಇದೆಯೆಂದು ಯಜಮಾನರು ತಿಳಿದಿದ್ದರು, ನಾನೂ ಹಾಗೇ ಬಿಟ್ಟೆ. ಪಕ್ಕದ ಮನೆಗಳ ಹೆಂಗಸರಿಗೆಲ್ಲ ನಾನು ಟೀಚರ ಕಥೆ ಹೇಳಿದ್ದೇ ಹೇಳಿದ್ದು. ಚಪ್ಪಲಿ ಬಿದ್ದುಹೋದರೂ ಲಾರಿಯ ಹಿಂದೆ ಓಡಿ ಬಂದರು ಎಂದು ಕೈ ಬೀಸಿ ತೋರಿಸುತ್ತಿದ್ದೆ. ಅಂಥ ಪ್ರೀತಿ ನನ್ನ ತಾಯಿಗೂ ಇಲ್ಲ ಎಂದೆ ಒಬ್ಬರ ಹತ್ತಿರ.

ಕಾಗದ ಮಾತ್ರ ಬರೆಯಲಿಲ್ಲ. ಇಂಗ್ಲಿಷಿನಲ್ಲೇ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಬರೆದದ್ದರಲ್ಲಿ ತಪ್ಪು ಕಾಣುತ್ತಿತ್ತು, ಹರಿದು ಹಾಕುತ್ತಿದ್ದೆ. ನನ್ನ ಶಿಷ್ಯೆ ಇಷ್ಟೇನಾ ಕಲಿತದ್ದು ಎಂದು ಅವರಿಗೆ ಬೇಸರವಾಗಬಾರದಲ್ಲ! ಏಳನೆಯ ತಿಂಗಳಿಗೆ ಉಡುಪಿಗೆ ಹೋದೆ. ಹೆರಿಗೆ, ಬಾಣಂತನ. ಟೀಚರ್ ಈಗ ಆಸ್ಟ್ರೇಲಿಯದಲ್ಲಿ ಮೊಮ್ಮಗುವನ್ನು ಎತ್ತಿಕೊಂಡಿರಬಹುದು ಎಂದು ಮಗಳಿಗೆ ಹಾಲು ಕೊಡುವಾಗ ಎಷ್ಟೋ ಸಲ ಅಂದುಕೊಂಡೆ.

ಜನವರಿಯಲ್ಲಿ ಮಗಳನ್ನು ಎತ್ತಿಕೊಂಡು ತಿರುವನಂತಪುರಕ್ಕೆ ಮರಳಿದೆ. ತೊಟ್ಟಿಲಿಗೆ ಹಿತ್ತಾಳೆಯ ಸರಪಳಿ ಬೇಕಿತ್ತು. ಅದು ಆರನೆಯ ನಂಬರಿನಲ್ಲಿತ್ತು. ಹಿಂದಿನ ಕೋಣೆಗೆ ಹೋಗಿ ಸೀರೆ ಸರಿಸಿ, ಒಂದೊಂದೇ ಪೆಟ್ಟಿಗೆ ಇಳಿಸಿದೆ. ತಳದಲ್ಲಿ, ಗೋಡೆಗೆ ಮುಖ ಮಾಡಿ, ಕಪ್ಪು ತಗಡಿನ ಪೆಟ್ಟಿಗೆಯೊಂದು ಇತ್ತು. ಕೈ ಹಾಕಿ ತಿರುಗಿಸಿದೆ. ನನ್ನದೇ ಅಕ್ಷರ. ಎಂಟರ ಹೊಟ್ಟೆಯಿಂದ ಇಳಿದ ಆ ಹನಿ.

ಎಷ್ಟು ಹೊತ್ತು ನೆಲದ ಮೇಲೆ ಕುಳಿತಿದ್ದೆನೋ ಗೊತ್ತಿಲ್ಲ. ಮಗು ಅಳುತ್ತಿತ್ತು. ನನ್ನ ಕಣ್ಣ ಮುಂದೆ ಹಿಡಿಸೂಡಿ ಬೀಸುತ್ತಿತ್ತು. ಅದು ಬೀಳ್ಕೊಟ್ಟದ್ದಲ್ಲ. ನಿಲ್ಲಿಸಿ, ನಿಲ್ಲಿಸಿ ಎಂದು ಅವರು ಕೂಗುತ್ತಿದ್ದರು, ನಾನು ಕಣ್ಣೀರು ಸುರಿಸುತ್ತ ಟಾಟಾ ಮಾಡುತ್ತಿದ್ದೆ.

ಸಂಜೆ ಬಂದ ಯಜಮಾನರಿಗೆ ಪೆಟ್ಟಿಗೆ ತೋರಿಸಿದೆ. ಅವರು ಬಿಳಿಚಿಕೊಂಡರು. "ಅವರ ಕಾಗದ ಬಂದಿತ್ತು" ಎಂದರು.

"ಯಾರದ್ದು?"

"ಟೀಚರದ್ದು. ಆಫೀಸಿಗೆ ಬರೆದಿದ್ರು, ಜೂನಿನಲ್ಲಿ. ಪೆಟ್ಟಿಗೆ ನಿಮ್ಮ ಸಾಮಾನಿನ ಜೊತೆ ಬಂದಿದೆಯಾ ನೋಡಿ ಅಂತ. ನಾನು ಬಂದು ಎಣಿಸಿದೆ. ಹದಿನೇಳು ಸರಿ ಇತ್ತಲ್ಲ! ನಮ್ಮ ಲೆಕ್ಕ ಸರಿ ಉಂಟು, ನಿಮ್ಮದು ಇಲ್ಲಿ ಇಲ್ಲ ಅಂತ ಬರೆದೆ. ಬಸುರಿ ಹೆಂಗಸಿಗೆ ಯಾಕೆ ಸುಮ್ಮನೆ ತಲೆಬಿಸಿ ಅಂತ ನಿನಗೆ ಹೇಳಲಿಲ್ಲ." ಸ್ವಲ್ಪ ಹೊತ್ತು ಬೆರಳಲ್ಲೇ ಏನೋ ಎಣಿಸಿದರು. "ಹಾಗಾದ್ರೆ ನಮ್ಮದೊಂದು ಕಡಿಮೆ ಆಗ್ಬೇಕಲ್ಲ. ಯಾವುದು?"

ಕಲ್ಲಿನ ವಿಷಯ ಹೇಳಿದೆ. ಬಯ್ಯುತ್ತಾರೆಂದು ಕಾದೆ, ಬಯ್ಯಲಿಲ್ಲ. ಅಂದು ಎರಡು ಪೆಟ್ಟು ಕೊಟ್ಟಿದ್ದರೂ ನನಗೆ ಸಮಾಧಾನವಾಗುತ್ತಿತ್ತು. "ಅವತ್ತೇ ಒಂದು ಮಾತು ಹೇಳಿದ್ರೆ ಸಾಕಿತ್ತು ಮಾರಾಯ್ತಿ" ಎಂದಷ್ಟೇ ಹೇಳಿ ಹೊರಗೆ ಹೋದರು. ಆಮೇಲೆ ನಮಗೆ ಇನ್ನೂ ಮೂರು ಸಲ ವರ್ಗವಾಯಿತು. ಅವರು ಒಮ್ಮೆಯೂ ಪೆಟ್ಟಿಗೆ ಎಣಿಸಲಿಲ್ಲ.

ಆ ಭಾನುವಾರವೇ ರೈಲು ಹತ್ತಿದೆವು. ಎರ್ನಾಕುಳದಲ್ಲಿ ಕೂಲಿಯವನು ಬಂದರೆ ಯಜಮಾನರು ಕೊಡಲಿಲ್ಲ, ರಿಕ್ಷಾದವರೆಗೂ, ರಿಕ್ಷಾದಿಂದ ಮನೆಯವರೆಗೂ ಆ ಪೆಟ್ಟಿಗೆಯನ್ನು ತಾವೇ ತಲೆಯ ಮೇಲೆ ಹೊತ್ತರು. ಪ್ಯಾಂಟು ಷರಟು ಹಾಕಿದ ಆಫೀಸರು ತಗಡಿನ ಪೆಟ್ಟಿಗೆ ಹೊತ್ತು ಓಣಿಯಲ್ಲಿ ನಡೆಯುವುದನ್ನು ಜನ ನಿಂತು ನೋಡಿದರು. ಟೀಚರ್ ಅಲ್ಲಿರಬಾರದು, ಹೇಗಾದರೂ ಹೊರಟು ಹೋಗಿರಬೇಕು ಎಂದು ನಾನು ಇದ್ದಬದ್ದ ದೇವರನ್ನೆಲ್ಲ ಬೇಡಿಕೊಳ್ಳುತ್ತಿದ್ದೆ.

ಅವರು ವರಾಂಡದಲ್ಲೇ ಇದ್ದರು. ಬೆತ್ತದ ಕುರ್ಚಿಯಲ್ಲಿ ಕುಳಿತು ಹಸಿರು ಶಾಯಿಯಲ್ಲಿ ಯಾರದೋ ನೋಟುಬುಕ್ಕು ತಿದ್ದುತ್ತಿದ್ದರು. ಬಹಳ ಇಳಿದು ಹೋಗಿದ್ದರು. ಯಜಮಾನರು ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು, ತಲೆ ತಗ್ಗಿಸಿ ಅಲ್ಲೇ ನಿಂತರು. ಟೀಚರ್ ಮೊದಲು ಪೆಟ್ಟಿಗೆ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಮಗಳನ್ನು ನೋಡಿದರು. "ಅಕ್ಟೋಬರಾ?" ಎಂದು ಕೇಳಿ, ಎರಡೂ ಕೈ ಚಾಚಿ ಎತ್ತಿಕೊಂಡರು.

ನಾನು ಕಾಲಿಗೆ ಬಿದ್ದೆ. ಕಲ್ಲಿನ ಕಥೆ, ಎಣಿಕೆಯ ಕಥೆ, ಎಲ್ಲ ಕಲಸಿ ಯಾವ ಭಾಷೆಯಲ್ಲಿ ಹೇಳಿದೆನೋ. ಅವರು ಮದರಾಸಿಗೆ ಬರಿಗೈಯಲ್ಲೇ ಹೋಗಿದ್ದರಂತೆ. ಕಾಗದ ಇದೆ, ಕಳೆದುಹೋಗಿದೆ ಎಂದರಂತೆ. ಹಾಗೆ ಹೇಳುವವರು ಬಹಳ ಜನ ಇದ್ದಾರೆ ಎಂದು ಅಲ್ಲಿನವರು ನಕ್ಕು ಕಳುಹಿಸಿದರಂತೆ. ಹಡಗು ಹೋಯಿತು. ಮಗಳಿಗೆ ಗಂಡುಕೂಸು, ಹೆರಿಗೆ ಕಷ್ಟವಾಯಿತಂತೆ, ಹತ್ತಿರ ಗಂಡನ ಹೊರತು ತನ್ನವರೆಂಬವರು ಯಾರೂ ಇರಲಿಲ್ಲ. ಇದನ್ನೆಲ್ಲ ಅವರು ನನ್ನ ಮಗಳ ಬೆನ್ನು ತಟ್ಟುತ್ತ, ಪಾಠ ಹೇಳುವ ದನಿಯಲ್ಲೇ ಹೇಳಿದರು.

"ನಾವೇ ಕದ್ದೆವೆಂದು ನಿಮಗೆ ಅನಿಸಲಿಲ್ಲವಾ ಟೀಚರ್?"

"ಇಲ್ಲ ಮೋಳೇ. ಲಾರಿಯ ಮೇಲೆ ಹದಿನೆಂಟು ಕಾಣುತ್ತಿತ್ತು. ಎರಡು ದಿನದಲ್ಲಿ ನೀನು ನೋಡುತ್ತೀ, ನೋಡಿದ ಕೂಡಲೇ ಬರೆಯುತ್ತೀ ಎಂದು ಕಾದೆ. ಆಮೇಲೆ ಸಾರ್ ಅವರ ಕಾಗದ ಬಂತು. ಇಲ್ಲ ಎಂದಿತ್ತು." ಯಜಮಾನರ ಕಡೆ ನೋಡಿ, "ಸಾರ್ ಒಳಗೆ ಬರಲಿ" ಎಂದರು. ಅವರು ಬರಲಿಲ್ಲ.

ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಟೀಚರ್ ತಾವಾಗಿಯೇ ಹೇಳಿದರು. "ಅಂದು ನಾನು ತುಂಬ ಓಡಿದೆ. ನಿಲ್ಲಿಸಲಿ ಎಂದು ಹಿಡಿಸೂಡಿ ಎತ್ತಿದೆ. ನೀನು ಕೈ ಬೀಸಿದೆ. ಅಳುತ್ತಾ ಬೀಸಿದೆ. ಎಷ್ಟು ಚಂದ ಬೀಸಿದೆ ಎಂದರೆ... ಕೊನೆಗೆ ನಾನೂ ಬೀಸಿದೆ."

ಕತ್ತಿನ ಸರ ತೆಗೆದು ನನ್ನ ಕೈಗೆ ಕೊಟ್ಟರು. "ಬಿಚ್ಚು. ಅನ್‌ಲೋಡ್ ಮಾಡು" ಎಂದರು. ಬೀಗ ತುಕ್ಕು ಹಿಡಿದಿತ್ತು, ತಿರುಗಿಸಲು ಬಲ ಹಾಕಬೇಕಾಯಿತು. ನಾನು ಒಂದೊಂದನ್ನೇ ಹೊರಗೆ ತೆಗೆದೆ. ಕೋಟು. ಟೊಪ್ಪಿ. ಫೋಟೊ. ಕಪ್ಪುಗಳು, ನಾಲ್ಕರಲ್ಲಿ ಒಂದು ಒಡೆದಿತ್ತು. ಹಾಸುಬಟ್ಟೆ. ತಳದಲ್ಲಿ ಬಿಸ್ಕತ್ತಿನ ಡಬ್ಬಿ. ಪ್ರತಿಯೊಂದರ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳಬೇಕು ಎನ್ನುವುದು ಪಾಠದ ನಿಯಮ. ಅಂದು ನನ್ನ ಬಾಯಿಂದ ಒಂದೂ ಹೆಸರು ಹೊರಡಲಿಲ್ಲ. ಟೀಚರೇ ಹೇಳಿದರು. ಆ ಉಲ್ಲನ್ ಟೊಪ್ಪಿಯನ್ನು ನನ್ನ ಮಗಳ ತಲೆಗೆ ಹಾಕಿದರು. ನಾನು ಬೇಡವೆಂದೆ. "ಅವನಿಗೆ ಈಗ ಇದು ಸಾಲದು" ಎಂದರು.

ಅವರು ಮತ್ತೆ ಅರ್ಜಿ ಹಾಕಿದರು. ನಾನು ತಿಂಗಳಿಗೊಂದು ಕಾಗದ ಬರೆದೆ, ತಪ್ಪೋ ಒಪ್ಪೋ ಇಂಗ್ಲಿಷಿನಲ್ಲೇ. ಅವರು ಉತ್ತರದ ಜೊತೆಗೆ ನನ್ನ ಕಾಗದವನ್ನೂ ಹಸಿರು ಶಾಯಿಯಲ್ಲಿ ತಿದ್ದಿ ಕಳುಹಿಸುತ್ತಿದ್ದರು. ಮದರಾಸಿನಿಂದ ಇನ್ನೂ ಏನೂ ಇಲ್ಲ ಎಂಬುದು ಪ್ರತಿ ಸಲದ ಕೊನೆಯ ಸಾಲು. ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ಒಮ್ಮೆ ನನ್ನ ಕಾಗದ ಹೋದ ಹಾಗೇ ತಿರುಗಿ ಬಂತು. ಲಕೋಟೆಯ ಮೇಲೆ ಅಂಚೆಯವನು ಮಲಯಾಳದಲ್ಲಿ ಮರಿಚ್ಚುಪೋಯಿ ಎಂದು ಬರೆದಿದ್ದ, ತೀರಿಕೊಂಡರು ಎಂದು. ಒಡೆದು ನೋಡಿದೆ. ಒಳಗೆ ನನ್ನ ತಪ್ಪುಗಳೆಲ್ಲ ತಿದ್ದದೆ ಹಾಗೇ ಇದ್ದವು.

ಆ ಪೆಟ್ಟಿಗೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಅತ್ತೆಯ ಕಲ್ಲೂ ಅಷ್ಟೇ. ಟೊಪ್ಪಿ ನನ್ನ ಹತ್ತಿರ ಇದೆ. ಮಗಳಿಗೆ ಅದು ಯಾರು ಹೆಣೆದದ್ದೆಂದು ಹೇಳಿದ್ದೇನೆ, ಯಾರಿಗಾಗಿ ಎಂದು ಹೇಳಿಲ್ಲ. ಯಜಮಾನರು ಹೋಗಿ ಹತ್ತು ವರ್ಷವಾಯಿತು. ಕೊನೆಯ ಆಸ್ಪತ್ರೆಯ ದಿನಗಳಲ್ಲಿ ಅವರು ಮಂಚದ ಅಂಚಿನ ಮೇಲೆ ಬೆರಳಿನಿಂದ ಗೀಟು ಹಾಕುತ್ತಿದ್ದರು.

ನನಗೊಂದು ರೋಗ ಉಳಿದಿದೆ. ಕಾರಿನಲ್ಲಿ ಹೋಗುವಾಗ ಹಿಂದಿನಿಂದ ಯಾರಾದರೂ ಕೈ ಬೀಸಿದರೆ ನಿಲ್ಲಿಸಿ ಅನ್ನುತ್ತೇನೆ. ಇಳಿದು ಹೋಗಿ ಏನು ಬೇಕಿತ್ತು ಎಂದು ಕೇಳುತ್ತೇನೆ. ಮದುವೆಮನೆಯಿಂದ ಹೊರಡುವಾಗಲೂ ಹಾಗೇ. ಅಮ್ಮನ ಟಾಟಾ ಕಾಯಿಲೆ ಎಂದು ಮಗಳು, ಅಳಿಯ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ಮೊನ್ನೆ ಸಂಜೆ ಬಣ್ಣದವನು ಕೆಲಸ ಮುಗಿಸಿ ಸ್ಕೂಟರ್ ಹತ್ತಿದ. ಓಣಿಯ ತುದಿಗೆ ಹೋದವನು ತಿರುಗಿ ನೋಡಿ, ನನ್ನ ಕಡೆಗೆ ಕೈ ಎತ್ತಿದ. ನಾನು ಕುರ್ಚಿಯಿಂದ ಎದ್ದು, ಈ ಮೊಣಕಾಲಿನಲ್ಲಿ ಆದಷ್ಟು ಬೇಗ ನಡೆದು, ಗೇಟು ಹಿಡಿದು ಕೂಗಿದೆ. ಅವನು ಪಾಪ, ಸ್ಕೂಟರ್ ತಿರುಗಿಸಿಕೊಂಡು ಬಂದ.

"ಎಂತಾ ಅಮ್ಮಾ?"

"ಕರೆದೆಯಲ್ಲ. ಏನಾದರೂ ಬಿಟ್ಟು ಹೋದೆಯಾ?"

ಅವನು ಮೊಮ್ಮಗನ ಕಡೆ ನೋಡಿದ. ಮೊಮ್ಮಗ ಮಲಯಾಳದಲ್ಲಿ ತಿಳಿಸಿದ. "ಒನ್ನುಮಿಲ್ಲಮ್ಮಾ. ಪೋಟ್ಟೇ ಎನ್ನು ಪರಞ್ಞದಾ" ಎಂದು ಅವನು ನಕ್ಕ. ಏನೂ ಇಲ್ಲ, ಹೋಗಿ ಬರುತ್ತೇನೆ ಅಂದದ್ದು ಅಷ್ಟೇ.

ಅವನು ಹೋದ ಮೇಲೆ ನೋಡಿಕೊಂಡರೆ ಹಸಿ ಗೇಟು ಹಿಡಿದಿದ್ದ ನನ್ನ ಅಂಗೈ ತುಂಬ ಬಿಳಿ ಬಣ್ಣ. ಮೊಮ್ಮಗ ಚಿಂದಿ ಬಟ್ಟೆಗೆ ಟರ್ಪಂಟೈನ್ ಹಾಕಿ ತಂದು ಒರೆಸಿದ. ನಾನು ಇನ್ನೊಂದು ಕೈಯನ್ನು ಎತ್ತಿ, ಖಾಲಿ ಓಣಿಯ ಕಡೆಗೆ ಮೆಲ್ಲಗೆ ಬೀಸಿದೆ. ಆರ್ಕ್ಕಾಣ್ ಅಜ್ಜೀ ಎಂದು ಅವನು ಕೇಳಿದ, ಯಾರಿಗೆ ಎಂದು.

"ಟೀಚರಿಗೆ" ಎಂದೆ.